ಯಾವೂರು, ಯಾರ ಪೈಕಿ?

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ನಾಲ್ಕು ವರ್ಷ ಆಯ್ತು. ನಾನಿರುವುದು ಹದಿನಾಲ್ಕು ಜನರ ಪುಟ್ಟ ಅಕೌಂಟಿಂಗ್ ಆಫೀಸಿನಲ್ಲಿ. ತುಮಕೂರಿನ ಮಾತಲ್ಲಿ ಹೇಳುವುದಾದರೆ ಆಡಿಟರ್ ಆಫೀಸು. ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಜುಲೈ 31 ಹತ್ತಿರ ಬಂದರೆ ಊಟ ನಿದ್ದೆ ಇರಲ್ಲ, ಅಲ್ವಾ? ಇಲ್ಲಿ ಜನವರಿ 31ಕ್ಕೆ ಅದೇ ಗೋಳು. ಹಾಗಾಗಿ ಕೆಲಸ ಹೊಸದು ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ಇಂಟರ್‌ವ್ಯೂ.

ಹೋದ ವರ್ಷ ಒಬ್ಬ ಟ್ರೇನಿ ಬೇಕಿತ್ತು. ನನ್ನನ್ನೂ ಕೂರಿಸಿದರು. ಅರ್ಜಿಗಳಲ್ಲಿ ಹೆಸರು, ವಯಸ್ಸು ಅಳಿಸಿ ಆರಿಸಿದ್ದರು. ಬಂದವರಿಗೆಲ್ಲ ಅದೇ ಆರು ಪ್ರಶ್ನೆ. ಒಂದೊಂದಕ್ಕೂ ಐದು ಅಂಕ. ಮೊದಲ ಹುಡುಗಿ ಬಂದು ಕೂತಳು. ಪಾಪ, ಗಾಬರಿ ಕಮ್ಮಿ ಆಗಲಿ ಅಂತ ನಾನು ಸುಮ್ನೆ ಮಾತು ತೆಗೆದೆ. 'ಎಲ್ಲಿಯವರು? ಮದುವೆ ಆಗಿದೆಯಾ?' ಪಕ್ಕದಲ್ಲಿದ್ದ ಮ್ಯಾನೇಜರ್ ಪೆನ್ನು ಕೆಳಗಿಟ್ಟು, 'ಅದಕ್ಕೆ ನೀವು ಉತ್ತರ ಕೊಡಬೇಕಿಲ್ಲ' ಅಂದರು. ಹುಡುಗಿಗೆ. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಬೈಯಲಿಲ್ಲ, ಟೀ ಕೊಟ್ಟು ವಿವರಿಸಿದರು. ಮದುವೆ ಕೇಳಿ ಕೆಲಸ ಕೊಡದಿದ್ದರೆ, ಅದಕ್ಕೇ ಬಿಟ್ಟರು ಅಂತ ಅವಳು ಕೆಲಸದ ತಕರಾರು ವಿಚಾರಿಸುವ ಟ್ರಿಬ್ಯೂನಲ್‌ಗೆ ಹೋಗಬಹುದು. ಇಲ್ಲಿ 2010ರ ಸಮಾನತೆ ಕಾಯ್ದೆ ಇದೆ. ವಯಸ್ಸು, ಅಂಗವೈಕಲ್ಯ, ಬಸಿರು ಬಾಣಂತನ, ಜನಾಂಗ, ಧರ್ಮ, ಹೀಗೆ ಒಂಬತ್ತು ವಿಷಯಗಳಲ್ಲಿ ಭೇದ ಮಾಡುವಂತಿಲ್ಲ. ಗಂಡಸರ ಹೆಂಗಸರ ಸಂಬಳದ ಅಂತರ ಬಹಿರಂಗ ಮಾಡುವ ನಿಯಮ 250 ಜನಕ್ಕಿಂತ ಚಿಕ್ಕ ಆಫೀಸಿಗೆ ಇಲ್ಲ. ಆದರೆ ಭೇದ ಮಾಡಬಾರದು ಅನ್ನುವುದಕ್ಕೆ ಚಿಕ್ಕದು ದೊಡ್ಡದು ಇಲ್ಲ.

ಮೂರನೆಯವನು ತೊದಲುತ್ತಿದ್ದ. ನಿಮಗೆ ಏನಾದರೂ ಅನುಕೂಲ ಬೇಕಾ ಅಂತ ಪತ್ರದಲ್ಲೇ ಕೇಳಿದ್ದರು. ಪ್ರಶ್ನೆ ಮೊದಲೇ ಬರೆದು ಕೊಡಿ, ಹತ್ತು ನಿಮಿಷ ಜಾಸ್ತಿ ಕೊಡಿ ಅಂದಿದ್ದ. ಕೊಟ್ಟರು. ಖರ್ಚು ಸೊನ್ನೆ. ಈಗ ನಮ್ಮ ವ್ಯಾಟ್ ಲೆಕ್ಕವೆಲ್ಲ ಅವನ ಕೈಯಲ್ಲೇ. ಅವನಿಲ್ಲದ ದಿನ ನಾವೇ ತೊದಲುತ್ತೇವೆ.

ಅವತ್ತು ರಾತ್ರಿ ಬಿ.ಎಚ್. ರಸ್ತೆಯ ನನ್ನ ಹಳೆ ಆಫೀಸು ನೆನಪಾಯಿತು. ಸಾರ್ ಒಳ್ಳೆಯವರೇ. ಆದರೆ ಹುಡುಗರು ಬೇಕಾದಾಗ ಬೋರ್ಡ್ ಹಾಕುತ್ತಿರಲಿಲ್ಲ. 'ನಮ್ಮ ಕಡೆಯೋರು ಯಾರಾದ್ರೂ ಇದ್ರೆ ಹೇಳಿ' ಅನ್ನುತ್ತಿದ್ದರು. ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಓದುವವರ ತರಬೇತಿ, ಕೇಳಿಕೊಂಡು ಬಂದವನಿಗೆ ಮೊದಲು 'ಯಾವೂರಪ್ಪಾ?' ಆಮೇಲೆ 'ಯಾರ ಪೈಕಿ?' ಮೂರನೇ ಪ್ರಶ್ನೆ ಬೇಕೇ ಆಗುತ್ತಿರಲಿಲ್ಲ.

ಹುಡುಗಿಯರು ನಾವಿಬ್ಬರೇ. ಟೀ ಲೋಟ ತೊಳೆಯುವುದು ನಮ್ಮ ಪಾಲು. ಬ್ಯಾಂಕ್ ಆಡಿಟ್ ಹುಡುಗರ ಪಾಲು. 'ಪಾವಗಡಕ್ಕೆ ಹೋಗಿ ರಾತ್ರಿ ಹೆಂಗಮ್ಮ ಬರ್ತೀಯ' ಅನ್ನುತ್ತಿದ್ದರು ಸಾರ್. ಕಾಳಜಿಯೇ, ಇಲ್ಲ ಅನ್ನಲ್ಲ. ಆ ಕಾಳಜಿಯಿಂದಲೇ ನಾನು ಬ್ಯಾಂಕ್ ಆಡಿಟ್ ಕಲಿಯದೆ ಊರು ಬಿಟ್ಟೆ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ನಮ್ಮ ದೇಶದವರೇ ಒಬ್ಬರು ಕ್ಲೈಂಟ್ ಬಂದಿದ್ದರು. ನನ್ನ ಸರ್‌ನೇಮ್ ಕೇಳಿದರು. ನಮ್ಮ ಕಡೆ ಇರುವುದು ಇನಿಷಿಯಲ್, ಊರಿನದೊಂದು ಅಪ್ಪನದೊಂದು. ಅಷ್ಟಕ್ಕೇ ಬಿಡಲಿಲ್ಲ. ಅಪ್ಪ ಏನು ಮಾಡ್ತಾರೆ, ಮನೆದೇವರು ಯಾವುದು ಅಂತ ಸುತ್ತಿ ಸುತ್ತಿ ಬಂದರು. ಮ್ಯಾನೇಜರ್ ಅಲ್ಲೇ ನಗುತ್ತಾ ಕೂತಿದ್ದರು. ಅವರಿಗೆ ಅದು ಬರೀ ಕುಶಲದ ಮಾತು. ಜಾತಿಯನ್ನೂ ಕಾಯ್ದೆಗೆ ಸೇರಿಸಬೇಕು ಅಂತ 2013ರಲ್ಲಿ ಇಲ್ಲಿನ ಪಾರ್ಲಿಮೆಂಟ್ ಒಪ್ಪಿತ್ತು. ಕೋರ್ಟಿನ ತೀರ್ಪುಗಳೇ ಸಾಕು ಅಂತ 2018ರಲ್ಲಿ ಸರ್ಕಾರ ಕೈಬಿಟ್ಟಿತು. ಲೋಟ ತೊಳೆಯುತ್ತಿದ್ದ ಹುಡುಗಿಯನ್ನು ಕೇಳಿದ್ದರೆ ಸಾಲಲ್ಲ ಅಂತಿದ್ದೆ.

ಜೊತೆಗೆ ಲೋಟ ತೊಳೆದ ಗೆಳತಿ ಈಗ ಎಸ್.ಎಸ್. ಪುರಂನಲ್ಲಿ ಸ್ವಂತ ಆಫೀಸು ಇಟ್ಟಿದ್ದಾಳೆ. ಐದು ಜನ ಇದ್ದಾರೆ, ಆರನೆಯವರು ಬೇಕು. ಹೋದ ವಾರ ಫೋನ್ ಮಾಡಿದಾಗ ನಮ್ಮ ಆರು ಪ್ರಶ್ನೆಗಳ ಹಾಳೆ ಕಳಿಸಿದೆ.

'ಯಾವೂರು ಅಂತಾನೂ ಕೇಳ್ಬಾರ್ದೇನೇ? ಮಾತು ಎಲ್ಲಿಂದ ಶುರು ಮಾಡ್ಲಿ?'

'ಬಸ್ಸಲ್ಲಿ ಸೀಟು ಸಿಕ್ತಾ ಅಂತ ಕೇಳು.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಲೇ, ಕೊರಟಗೆರೆ ಬಸ್ಸು ರಶ್ಶಿತ್ತು ಮೇಡಂ ಅಂತಾರೆ. ಊರು ಬಂದೇ ಬಿಡ್ತಲ್ಲೇ!'