ನಲಿ-ಕಲಿ ಕೋಣೆಯಲ್ಲಿ ಟ್ಯಾಬ್: ಎಷ್ಟು, ಯಾವ ತಟ್ಟೆಗೆ, ಹೇಗೆ?

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ 30 ಮಕ್ಕಳಿದ್ದರೆ 4 ಟ್ಯಾಬ್ ಸಾಕು. ಯಾರ ನೆರವು ಎಷ್ಟು ಬೇಕು ಅನ್ನುವುದರ ಮೇಲೆ ಮಕ್ಕಳು 5 ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಹಂಚಿಕೊಂಡು ಕೂತಿರುತ್ತಾರೆ. ಟ್ಯಾಬ್ ಕೊಡುವುದು ಒಂದು ಸಲಕ್ಕೆ ಒಂದೇ ತಟ್ಟೆಗೆ. ಒಂದು ತಟ್ಟೆಗೆ ಸುಮಾರು 6 ಮಕ್ಕಳು, ಇಬ್ಬರಿಗೆ ಒಂದರಂತೆ 3 ಟ್ಯಾಬ್, ಒಂದು ಕೈಕೊಟ್ಟರೆ ಇರಲಿ ಅಂತ ಇನ್ನೊಂದು.

ಯಾವ ತಟ್ಟೆಗೆ ಕೊಡಬೇಕು ಅನ್ನುವುದೇ ಮುಖ್ಯ. ಐದನೆಯದಾದ ಸ್ವಕಲಿಕೆ ತಟ್ಟೆಗೆ ಕೊಟ್ಟುಬಿಡೋಣ ಅನಿಸುವುದು ಸಹಜ. ಬೇಡ. ಒಂಟಿಯಾಗಿ ಕೂತ ಮಗು ನಾಲ್ಕು ಉತ್ತರಗಳನ್ನೂ ಸಾಲಾಗಿ ಒತ್ತುತ್ತಾ ಹೋಗುತ್ತದೆ, ಹಸಿರು ಬಂದಾಗ ನಿಲ್ಲುತ್ತದೆ. ಆ್ಯಪ್ ನಕ್ಷತ್ರ ಕೊಡುತ್ತದೆ, ಮಗು ಮಾತ್ರ ಏನೂ ಓದಿರುವುದಿಲ್ಲ. ಸಹಪಾಠಿಯ ಅಲ್ಪಸ್ವಲ್ಪ ನೆರವಿರುವ ನಾಲ್ಕನೇ ತಟ್ಟೆಯೇ ಸರಿಯಾದ ಜಾಗ. ಅಲ್ಲಿ ಒಂದು ಕಟ್ಟುಪಾಡು ಇರಲಿ: ಒಬ್ಬರು ಪದವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸ್ಲೇಟಿನಲ್ಲಿ ಬರೆಯಬೇಕು, ಆಮೇಲಷ್ಟೇ ಪರದೆ ಮುಟ್ಟಬೇಕು. 5 ಪದ ಆದ ಮೇಲೆ ಕೆಲಸ ಅದಲು ಬದಲು. 15 ನಿಮಿಷಕ್ಕೆ ಟ್ಯಾಬ್ ಕೆಳಗೆ. ಮಗುವಿನ ಕಲಿಕೆ ಎಲ್ಲಿಗೆ ಬಂತು ಎಂದು ತೋರಿಸುವ ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಹಾಕುವುದು ಮಗು ಕಲಿಕೆಯ ಕಾರ್ಡ್ ಓದಿ ತೋರಿಸಿದ ಮೇಲೆ, ಆ್ಯಪಿನ ನಕ್ಷತ್ರ ನೋಡಿ ಅಲ್ಲ.

ಆ್ಯಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಅಕ್ಷರಗಳ ಕ್ರಮ. ನಮ್ಮ ಕಲಿಕಾ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕ್ರಮ, ಶುರುವಾಗುವುದು ರ, ಗ, ಸ, ದ, ಅ ಎಂದು. ಈ ಐದೇ ಅಕ್ಷರ ಗೊತ್ತಿದ್ದರೂ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ, ಆ ಖುಷಿಯೇ ಮುಂದಿನ ಮೆಟ್ಟಿಲಿಗೆ ಒಯ್ಯುತ್ತದೆ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೋಗುವ ಆ್ಯಪ್ ಕೊಟ್ಟರೆ ಬೆಳಿಗ್ಗೆ ಕಾರ್ಡಿನಲ್ಲಿ ಒಂದು, ಮಧ್ಯಾಹ್ನ ಟ್ಯಾಬಿನಲ್ಲಿ ಇನ್ನೊಂದು ಆಗಿ ಮಗು ಗೊಂದಲಕ್ಕೆ ಬೀಳುತ್ತದೆ. ಬೇಕಾದ ಅಕ್ಷರವನ್ನಷ್ಟೇ ತೆರೆಯಲು ಬಿಡುವ ಆ್ಯಪ್ ಸಿಕ್ಕರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಏಣಿಯ ಮೊದಲ ಮೈಲಿಗಲ್ಲುಗಳಲ್ಲಿ (ಹಂತಗಳಲ್ಲಿ) ಕನ್ನಡಕ್ಕೆ ಟ್ಯಾಬ್ ಬೇಡವೇ ಬೇಡ. ಮಕ್ಕಳ ಕಥೆಗಳು ಉಚಿತವಾಗಿ ಸಿಗುವ ಸ್ಟೋರಿವೀವರ್ ಜಾಲತಾಣದ ಮೊದಲ ಹಂತದ ಕಥೆಗಳಲ್ಲೂ ಗುಣಿತಾಕ್ಷರ, ಒತ್ತಕ್ಷರ ಬರುತ್ತವೆ, ಅವು ಕಾಗುಣಿತ ಕೈಗೆ ಹತ್ತಿದ ಮಕ್ಕಳಿಗೆ. ಕಥೆಗಳ ಪಿಡಿಎಫ್ ಇಳಿಸಿ ಟ್ಯಾಬಿಗೆ ತುಂಬಿಕೊಂಡು ಬಂದರೆ ಶಾಲೆಯಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಗಣಿತಕ್ಕೆ ಜಿಕಾಂಪ್ರಿ (GCompris) ಎಂಬ ಕಲಿಕೆಯ ಆಟಗಳ ಆ್ಯಪ್ ಚೆನ್ನಾಗಿದೆ, ಉಚಿತ, ಕಷ್ಟದ ಮಟ್ಟವನ್ನು ನಾವೇ ಗೊತ್ತುಮಾಡಬಹುದು.

ಧ್ವನಿಯನ್ನು ನೀವೇ ಮೊದಲು ಕಿವಿಗೊಟ್ಟು ಕೇಳಿ. ಲ–ಳ, ನ–ಣ ವ್ಯತ್ಯಾಸ ಕೇಳಿಸದ, 'ಕ' ಅಕ್ಷರವನ್ನು 'ಕಾ' ಎಂದು ಎಳೆಯುವ ಆ್ಯಪ್ ಎಷ್ಟೇ ಬಣ್ಣಬಣ್ಣದ್ದಾಗಿರಲಿ, ತೆಗೆದುಹಾಕಿ.

ಇನ್ನೊಂದು ಸಣ್ಣ ವಿಷಯ ಇದೆ, ಗಮನಿಸದಿದ್ದರೆ ಮಗುವಿನ ಉತ್ಸಾಹವನ್ನೇ ತಿನ್ನುತ್ತದೆ. ಆರು ವರ್ಷದ ಮಗು ಟ್ಯಾಬನ್ನು ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳು ಪರದೆಯ ಅಂಚಿನ ಮೇಲೆ ಕೂತಿರುತ್ತದೆ. ಯಂತ್ರಕ್ಕೆ ಅದೂ ಒಂದು ಸ್ಪರ್ಶವೇ. ಬಲಗೈ ಬೆರಳಿನಿಂದ ಚಿತ್ರವನ್ನು ಎಳೆದರೆ ಅದು ಅಲುಗುವುದಿಲ್ಲ. ಮಗು ತನ್ನ ಉತ್ತರವೇ ತಪ್ಪು ಎಂದುಕೊಂಡು ಬೇರೆಯದನ್ನು ಒತ್ತುತ್ತದೆ. ಟ್ಯಾಬನ್ನು ಕೈಗೆ ಕೊಡದೆ ಚಾಪೆಯ ಮೇಲೆ, ಮಡಿಸಿದ ಬಟ್ಟೆಯ ಆಸರೆ ಕೊಟ್ಟು ಸ್ವಲ್ಪ ಓರೆಯಾಗಿ ಇಟ್ಟರೆ ಈ ತೊಂದರೆಯೇ ಇಲ್ಲ. ಬಿಸಿಯೂಟ ಮುಗಿಸಿ ಕೈ ತೊಳೆದು ಬಂದವರು ಕೈ ಒರೆಸಿಕೊಂಡೇ ಕೂರಲಿ, ಒದ್ದೆ ಬೆರಳಿಗೂ ಪರದೆ ಹೀಗೇ ಆಡುತ್ತದೆ.

ಆಂಡ್ರಾಯ್ಡ್‌ನ ಭದ್ರತೆಯ ಸೆಟ್ಟಿಂಗ್‌ಗಳಲ್ಲಿ ಆ್ಯಪ್ ಪಿನ್ನಿಂಗ್ ಇರುತ್ತದೆ, ಮಗು ತೆರೆದ ಆ್ಯಪ್ ಬಿಟ್ಟು ಬೇರೆಡೆ ಹೋಗದಂತೆ ಅದು ತಡೆಯುತ್ತದೆ. ಅದನ್ನು ಆನ್ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಡಿ, ಜೊತೆಗೆ ನೆಟ್ ಕಡಿತವಾಗುವಂತೆ ಏರೋಪ್ಲೇನ್ ಮೋಡ್ ಹಾಕಿ. ಜಾಹೀರಾತಿನ ಕಾಟ ಬಹುಪಾಲು ಅಲ್ಲಿಗೇ ಮುಗಿಯಿತು.

ಚಾರ್ಜರ್ ಕೊಳ್ಳುವಾಗ ಎಷ್ಟು ಪೋರ್ಟ್ ಇದೆ ಅಂತಷ್ಟೇ ನೋಡಬೇಡಿ. 4 ಟ್ಯಾಬಿಗೆ ತಲಾ 2 ಆಂಪಿಯರ್, ಅಂದರೆ 5 ವೋಲ್ಟಿನಲ್ಲಿ ಒಟ್ಟು 8 ಆಂಪಿಯರ್ ಕೊಡುವಂಥದ್ದು ಬೇಕು. ಒಟ್ಟು 3 ಆಂಪಿಯರ್‌ನ ಅಗ್ಗದ ಚಾರ್ಜರಿಗೆ ನಾಲ್ಕನ್ನೂ ಸಿಕ್ಕಿಸಿದರೆ ಒಂದೊಂದಕ್ಕೆ ಮುಕ್ಕಾಲು ಆಂಪಿಯರ್ ಮಾತ್ರ ಸಿಗುತ್ತದೆ, ಕರೆಂಟ್ ಹೋಗುವಷ್ಟರಲ್ಲಿ ಯಾವುದೂ ತುಂಬಿರುವುದಿಲ್ಲ. ಸೀಮೆಸುಣ್ಣದ ಪುಡಿ ಚಾರ್ಜಿಂಗ್ ತೂತಿನಲ್ಲಿ ಗಟ್ಟಿಯಾಗಿ ಕೂತಿದ್ದರೂ ಚಾರ್ಜ್ ಏರುವುದಿಲ್ಲ. ಟ್ಯಾಬ್ ಆಫ್ ಮಾಡಿ, ಒಣ ಮೆತ್ತನೆಯ ಬ್ರಷ್‌ನಿಂದ ಕೆರೆದು ತೆಗೆಯಿರಿ, ಪಿನ್ನು ಹಾಕಬೇಡಿ. ಬೇಸಿಗೆ ರಜೆಗೆ ಬೀರುವಿನಲ್ಲಿಡುವಾಗ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ. ಪೂರ್ತಿ ಖಾಲಿಯಾಗಿ ಎರಡು ತಿಂಗಳು ಬಿದ್ದಿದ್ದರೆ ಜೂನಿನಲ್ಲಿ ಮತ್ತೆ ಎದ್ದೇಳದೆ ಹೋಗಬಹುದು. ಹಿಂಬದಿ ಉಬ್ಬಿರುವುದು ಕಂಡರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ, ಅದನ್ನು ಇನ್ನೊಂದು ಸಲವೂ ಚಾರ್ಜಿಗೆ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ.