ಆಚೆ ದಡದ ಲೆಕ್ಕ ನನ್ನ ಪುಸ್ತಕದಲ್ಲಿ ಇರಲಿಲ್ಲ

ಹರಿಹರ ತಾಲೂಕಿನ ಹೊಳೆದಂಡೆಯ ಒಂದು ಊರಲ್ಲಿ ನಾನು ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ಸದಸ್ಯರ ಖಾತೆ ಬರೆಯುವುದು, ಲೈಸೆನ್ಸಿಗೆ ಕಚೇರಿ ಅಲೆಯುವುದು, ಬಲೆ ಸಬ್ಸಿಡಿ ಅರ್ಜಿ ತುಂಬುವುದು, ವರ್ಷಕ್ಕೊಮ್ಮೆ ಆಡಿಟ್‌ನವರ ಮುಂದೆ ಕೂತು ಬೆವರುವುದು, ಇದೇ ನನ್ನ ಕೆಲಸ. ಮೀನು ಹಿಡಿಯಲು ನನಗೆ ಬರುವುದಿಲ್ಲ. ಹರಿಗೋಲಲ್ಲಿ ಕೂತರೆ ಈಗಲೂ ಎರಡೂ ಕೈಯಲ್ಲಿ ಅಂಚು ಹಿಡಿದುಕೊಳ್ಳುತ್ತೇನೆ. ಸದಸ್ಯರಿಗೆ ಅದೊಂದು ತಮಾಷೆ.

ನಮ್ಮ ಊರಿನ ಎದುರಿಗೆ ತುಂಗಭದ್ರೆಯಲ್ಲಿ ಒಂದು ಮಡು ಇದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆ, ಮರಳು ಎದ್ದಾಗ ಸುತ್ತಮುತ್ತಲಿನ ಮೀನೆಲ್ಲ ಬಂದು ಸೇರುವುದು ಅಲ್ಲಿಗೇ. ಜಿಲ್ಲೆಯ ಗಡಿಯೂ ಹೊಳೆಯ ಮಧ್ಯದಲ್ಲೇ ಹೋಗುತ್ತದೆ. ಈ ದಡ ದಾವಣಗೆರೆ, ಆ ದಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕು. ಅಂದರೆ ಮಡುವಿನ ಅರ್ಧ ನಮ್ಮದು, ಅರ್ಧ ಅವರದು. ಕಾಟ್ಲಾ ಮೀನಿಗೆ ಮಾತ್ರ ಇದನ್ನು ಯಾರೂ ತಿಳಿಸಿಲ್ಲ.

ಈ ಗೆರೆ ಇವತ್ತಿನದಲ್ಲ. ಸಂಘದ ಹಿರಿಯರೊಬ್ಬರು ಆಚೆ ದಡಕ್ಕೆ ಈಗಲೂ "ಮುಂಬೈ ಸರ್ಕಾರದ ಕಡೆ" ಅನ್ನುತ್ತಾರೆ. ಅವರಪ್ಪ ಹಾಗೆ ಅನ್ನುತ್ತಿದ್ದರಂತೆ. ಸುಳ್ಳೇನಲ್ಲ. 1956ರ ನವೆಂಬರ್ 1ರವರೆಗೆ ಹರಿಹರ ಮೈಸೂರು ರಾಜ್ಯ, ಎದುರಿನ ರಾಣೆಬೆನ್ನೂರು ಮುಂಬೈ ರಾಜ್ಯದ ಧಾರವಾಡ ಜಿಲ್ಲೆ. ಹೊಳೆಯ ಜೊತೆ ಕೆಳಗೆ ಹೋದರೆ ಸಿಗುವ ಹರಪನಹಳ್ಳಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹರಪನಹಳ್ಳಿಯ ಕಥೆ ಇನ್ನೂ ಮಜಾ. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಬೆಸ್ತರು ಹರಿಗೋಲು ಕಟ್ಟುವ ಗೂಟ ಮಾತ್ರ ಬದಲಾಯಿಸಿಲ್ಲ.

ಇನ್ನು ಹೊಳೆಯೊಳಗೆ ಎಷ್ಟು ಜನ ಯಜಮಾನರು ಅಂತೀರಿ! ಮೀನು ಮೀನುಗಾರಿಕೆ ಇಲಾಖೆಯದ್ದು. ನೀರು ನೀರಾವರಿಯವರದ್ದು. ಮೇಲೆ ಭದ್ರಾ ಡ್ಯಾಮಿನಿಂದ ಯಾವಾಗ, ಎಷ್ಟು ಬಿಡಬೇಕು ಅಂತ ಹೇಳುವವರು ಅವರು. ಮರಳು ಗಣಿ ಇಲಾಖೆಯದ್ದು. ಕೊಳೆ ನೀರು ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಹೊಳೆ ಮುಂದೆ ಹೋಗಿ ಹೊಸಪೇಟೆಯ ಜಲಾಶಯ ಸೇರಿತು ಅಂದರೆ 1953ರಲ್ಲಿ ಶುರುವಾದ ತುಂಗಭದ್ರಾ ಮಂಡಳಿ. ಅಲ್ಲಿ ಬೇರೆ ರಾಜ್ಯಗಳೂ ಪಾಲುದಾರರು. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ಬಾಬ್ತು. ರಾಜ್ಯ ರಾಜ್ಯಗಳ ನಡುವಿನ ನದಿಗಳ ವಿಷಯಕ್ಕೆ ಕೇಂದ್ರ ಪಟ್ಟಿಯಲ್ಲಿ 56ನೇ ಬಾಬ್ತು. ನೀರಿಗೆ ಒಂದು ದಾರಿ, ಅದರೊಳಗಿನ ಮೀನಿಗೆ ಇನ್ನೊಂದು ದಾರಿ!

ನಮ್ಮದು ಅಷ್ಟು ದೊಡ್ಡ ಜಗಳವೇನಲ್ಲ. ಎರಡೂ ದಡ ಕರ್ನಾಟಕವೇ, 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇಬ್ಬರಿಗೂ ಒಂದೇ. ಅದಕ್ಕೇ ನಾನು ಸುಲಭ ಅಂದುಕೊಂಡೆ.

ಕೆಲವು ವರ್ಷಗಳ ಹಿಂದೆ ಮೀನು ಸಣ್ಣದಾಗುತ್ತಿದೆ ಅಂತ ಸಂಘದಲ್ಲಿ ಮಾತು ಬಂತು. ದೊಡ್ಡ ಬಾಳೆ ಮೀನು ಕಂಡು ಯಾವ ಕಾಲವಾಯಿತೋ ಅಂದರು. ನಾನು ಹುರುಪಿನಿಂದ ಒಂದು ಠರಾವು ಬರೆದೆ. ಬೇಸಿಗೆಯಲ್ಲಿ ಮಡುವಿಗೆ ಬಲೆ ಬಿಡಬಾರದು. ಸಣ್ಣ ಕಣ್ಣಿನ ಬಲೆ ಇಡೀ ವರ್ಷ ಬಂದ್. ಕಾರಣವೂ ಸರಿಯಾಗಿತ್ತು. ಬೇಸಿಗೆ ಮಡುವಿನಲ್ಲಿ ಉಳಿದ ತಾಯಿ ಮೀನೇ ಹೊಸ ನೀರಿಗೆ ಮೇಲೆ ಹತ್ತಿ ಮೊಟ್ಟೆ ಇಡುವುದು. ಒಂದು ಕೆಜಿ ತೂಗುವ ರೋಹು ಒಂದು ಲಕ್ಷಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಮಡುವಿನಲ್ಲಿ ಅದನ್ನು ಹಿಡಿದು ಮಾರಿದರೆ ಕೈಗೆ ಬರುವುದು ಒಂದು ಕೆಜಿಯ ದುಡ್ಡು, ಅಷ್ಟೇ.

ಠರಾವಿನ ಪ್ರತಿಗಳನ್ನು ಎರಡೂ ಜಿಲ್ಲೆಯ ಕಚೇರಿಗಳಿಗೆ ಕಳಿಸಿದೆ. ರಿಜಿಸ್ಟರ್ಡ್ ಪೋಸ್ಟ್. ಸ್ವೀಕೃತಿ ಚೀಟಿಗಳನ್ನು ಫೈಲಿಗೆ ಪಿನ್ ಮಾಡಿದೆ. ಒಂದು ಕಚೇರಿಯಿಂದ ಎರಡು ತಿಂಗಳ ಮೇಲೆ ಉತ್ತರ ಬಂತು. ನಿಮ್ಮ ಪತ್ರವನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಅಂತ. ಸಂಬಂಧಪಟ್ಟವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ತಪ್ಪು ಆ ಕಚೇರಿಯದ್ದು ಅಂತ ಹೇಳಲಾರೆ. ಎದುರಿನ ಊರಿಗೆ ಹರಿಗೋಲಲ್ಲಿ ಹತ್ತು ನಿಮಿಷ. ನಾನು ಹೋಗಲಿಲ್ಲ.

ಆ ಬೇಸಿಗೆ ನಮ್ಮವರು ಮಾತು ಉಳಿಸಿಕೊಂಡರು. ಮಡುವಿನ ಹತ್ತಿರ ಸುಳಿಯಲಿಲ್ಲ. ಕೂಲಿಗೆ ಹೋದರು, ಭತ್ತದ ಕೊಯ್ಲಿಗೆ ಹೋದರು. ಆಚೆ ದಡದವರಿಗೆ ಇಂಥದ್ದೊಂದು ಠರಾವು ಇದೆ ಅಂತಲೇ ಗೊತ್ತಿಲ್ಲ. ಪ್ರತಿವರ್ಷದಂತೆ ಬಂದು ಬಲೆ ಬಿಟ್ಟರು. ಈ ವರ್ಷ ಇವರ್ಯಾಕೋ ಬರುತ್ತಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡಿರಬೇಕು. ಮೇ ತಿಂಗಳ ಒಂದು ಸಂಜೆ ನಮ್ಮ ಹಿರಿಯರು ಸಂಘದ ಬಾಗಿಲಲ್ಲಿ ನಿಂತು ಹೇಳಿದರು: "ಸೆಕ್ರೆಟ್ರಿ, ನಾವು ಉಪವಾಸ ಮಾಡಿದ್ವಿ, ಅವ್ರು ಪ್ರಸಾದ ತಿಂದ್ರು ನೋಡಪ್ಪ."

ಮುಂದಿನ ವಾರ ಠರಾವು ರದ್ದಾಯಿತು. ಮೂವರು ಸದಸ್ಯರು ನನ್ನ ಜೊತೆ ಆರು ತಿಂಗಳು ಮಾತಾಡಲಿಲ್ಲ.

ಆಮೇಲೆ ಆಚೆ ದಡಕ್ಕೆ ಹೋದೆ. ಆದರೆ ಬುದ್ಧಿ ಪೂರ್ತಿ ಬಂದಿರಲಿಲ್ಲ. ನಿಯಮಗಳನ್ನು ಟೈಪ್ ಮಾಡಿಸಿ, ಕೆಳಗೆ ಅವರ ಸಹಿಗೆ ಜಾಗ ಬಿಟ್ಟು ತೆಗೆದುಕೊಂಡು ಹೋಗಿದ್ದೆ. ಗಂಗಮ್ಮನ ಗುಡಿ ಕಟ್ಟೆ ಮೇಲೆ ಕೂರಿಸಿ ಚಹಾ ಕೊಟ್ಟರು. ಕಾಗದ ಓದಿದ ಒಬ್ಬ ಹುಡುಗ ಅದನ್ನು ಮಡಚಿ ವಾಪಸ್ ಕೊಟ್ಟು, "ಎಲ್ಲಾ ಬರದೇ ಬಿಟ್ಟೀರಲ್ರಿ ಸರ್, ನಮ್ಮನ್ಯಾಕ ಕೇಳಾಕ ಬಂದ್ರಿ?" ಅಂದ. ಇನ್ನೊಬ್ಬರು ನಮ್ಮ ಕಡೆಯ ಪಂಪ್‌ಸೆಟ್‌ಗಳ ಮಾತು ತೆಗೆದರು. ನೀರೇ ಇಲ್ಲದಂತೆ ಎಳೆಯುವವರು ನೀವು, ಮೀನು ಕಡಿಮೆಯಾಯಿತು ಅಂತ ನಮಗೆ ಹೇಳುವವರೂ ನೀವೇ ಅಂದರು. ಕಡೆಗೆ ಅಲ್ಲಿನ ಯಜಮಾನರು ಒಂದೇ ಪ್ರಶ್ನೆ ಕೇಳಿದರು: "ನೀವು ಕಡಿಮಿ ಹಿಡೀತೀರಿ, ನಾವು ಜಾಸ್ತಿ ಹಿಡೀತೀವಿ ಅಂತ ಯಾರ್ ಅಳದಾರ್ರಿ?"

ಯಾರೂ ಅಳೆದಿರಲಿಲ್ಲ. ನನ್ನ ಪುಸ್ತಕದಲ್ಲಿ ನಮ್ಮ ಸದಸ್ಯರ ಲೆಕ್ಕವಿತ್ತು, ಅದೂ ಬರೀ ಕೆಜಿ. ಎಷ್ಟು ಮೀನು, ಎಷ್ಟುದ್ದ, ಯಾವ ಜಾತಿ, ಒಂದೂ ಇಲ್ಲ. ಅವರ ಹತ್ತಿರ ಅದೂ ಇಲ್ಲ.

ಲೆಕ್ಕ ಸಿಕ್ಕಿದ್ದು ಎಲ್ಲೂ ಅಲ್ಲ, ಹರಿಹರದ ಮೀನು ಮಾರುವ ಅಕ್ಕನ ಹತ್ತಿರ. ಎರಡೂ ದಡದವರು ಮೀನು ಹಾಕುವುದು ಅವರಿಗೇ. ಬೆಳಿಗ್ಗೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ, ಇಬ್ಬರ ಬುಟ್ಟಿಯನ್ನೂ ಒಂದೇ ತಕ್ಕಡಿಗೆ ಸುರಿಯುತ್ತಾರೆ. ಹನ್ನೆರಡು ವರ್ಷದಿಂದ ಅವರದ್ದು ಅದೇ ಉದ್ದ ನೋಟುಬುಕ್ಕು. ಒಂದು ಪುಟದಲ್ಲಿ "ಈಕಡಿ", ಎದುರಿನ ಪುಟದಲ್ಲಿ "ಆಕಡಿ". ಕೆಳಗೆ ದೊಡ್ಡದು, ನಡುವಿನದು, ಪುಡಿ ಅಂತ ಮೂರು ಸಾಲು. ದರ ಬೇರೆ ಬೇರೆ, ಅದಕ್ಕೆ ಬೇರೆ ಬೇರೆ ಬರೆದಿದ್ದರು. ಅವರು ಯಾವ ತರಬೇತಿಗೂ ಹೋದವರಲ್ಲ. ಎರಡು ಜಿಲ್ಲೆಯ ಕಚೇರಿಗಳಲ್ಲಿ ನಾನು ಹುಡುಕಿದ ಲೆಕ್ಕ ಅವರ ತಕ್ಕಡಿ ಕೆಳಗೆ, ಮೀನಿನ ನೀರು ಹತ್ತಿ ಅಂಟಿಕೊಂಡ ಹಾಳೆಗಳಲ್ಲಿತ್ತು.

ಮೊದಲು ಕೊಡಲಿಲ್ಲ. ಇನ್ಕಂ ಟ್ಯಾಕ್ಸಿನವರು ಕಳಿಸಿದ್ದಾರೆ ಅಂದುಕೊಂಡರು. ನಮ್ಮ ಹಿರಿಯರನ್ನು ಕರೆದುಕೊಂಡು ಹೋದ ಮೇಲೆ, "ಇಲ್ಲೇ ಕುಂತು ಬರ್ಕೊಳ್ರಿ, ಮನಿಗೆ ಒಯ್ಯಂಗಿಲ್ಲ" ಅಂದರು. ಮೂರು ಭಾನುವಾರ ಅವರ ಅಂಗಡಿಯ ಹಿಂದೆ ಕೂತು ನಕಲು ಮಾಡಿದೆ. ಹೆಂಡತಿ ಬಟ್ಟೆಯನ್ನು ಮನೆಯ ಹೊರಗೇ ಬಿಚ್ಚಿಸುತ್ತಿದ್ದಳು.

ಲೆಕ್ಕ ಹೇಳಿದ್ದು ನನಗೆ ಹಿತವಾಗಿರಲಿಲ್ಲ. ದೊಡ್ಡದರ ಸಾಲು ಎರಡೂ ಕಡೆ ಇಳಿದಿತ್ತು. ಪುಡಿ ಸಾಲು ಎರಡೂ ಕಡೆ ಏರಿತ್ತು, ನಮ್ಮ ಕಡೆ ತುಸು ಜಾಸ್ತಿಯೇ. ಅಂದರೆ ಬೇಸಿಗೆಯಲ್ಲಿ ಅವರು ತಾಯಿ ಮೀನು ಎತ್ತುತ್ತಿದ್ದರು, ಮಳೆಗಾಲ ಮುಗಿದ ಮೇಲೆ ನಾವು ಸೊಳ್ಳೆ ಪರದೆಯಂಥ ಬಲೆಯಲ್ಲಿ ಮರಿ ಬಾಚುತ್ತಿದ್ದೆವು. ಈ ಹಾಳೆ ಹಿಡಿದು ಎರಡನೇ ಸಲ ಹೋದಾಗ ನಾನು ಮೊದಲು ನಮ್ಮ ಪುಟ ಓದಿದೆ. ಯಜಮಾನರು ನಕ್ಕರು. ಆಮೇಲೆ ಅವರೇ ಅವರ ಪುಟ ಓದಿಸಿಕೊಂಡರು.

ನಮ್ಮದೇನೂ ಹೊಸ ತಲೆನೋವಲ್ಲ ಅಂತ ಆಮೇಲೆ ಒಂದು ತರಬೇತಿಯಲ್ಲಿ ತಿಳಿಯಿತು. ಅಮೆರಿಕ, ಕೆನಡಾ ಕಡೆ ಐದು ಭಾರಿ ಸರೋವರಗಳಿವೆ. ಅಮೆರಿಕದ ಎಂಟು ರಾಜ್ಯ, ಕೆನಡಾದ ಒಂಟಾರಿಯೊ ಪ್ರಾಂತ್ಯ ಅವಕ್ಕೆ ಪಾಲುದಾರರು. ಎಷ್ಟೋ ವರ್ಷ ಒಬ್ಬೊಬ್ಬರದು ಒಂದೊಂದು ನಿಯಮ. ಅಷ್ಟರಲ್ಲಿ ಲ್ಯಾಂಪ್ರೆ ಅನ್ನುವ ಜೀವಿ ಕಾಲುವೆ ದಾರಿಯಿಂದ ಮೇಲಿನ ಸರೋವರಗಳಿಗೆ ನುಗ್ಗಿತು. ನೋಡಲು ಹಾವು ಮೀನಿನ ಹಾಗೆ, ಬಾಯಿಂದ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅವರ ಒಳ್ಳೆಯ ಟ್ರೌಟ್ ಮೀನು ಹೋಯಿತು. 1954ರಲ್ಲಿ ಎರಡು ದೇಶ ಒಪ್ಪಂದ ಮಾಡಿಕೊಂಡು ಮರುವರ್ಷ ಆಯೋಗ ಮಾಡಿದವು. ನನಗೆ ಇಷ್ಟವಾಗಿದ್ದು ಇದು: ಯಾರು ಎಷ್ಟು ಮೀನು ಹಿಡಿಯಬೇಕು ಅಂತ ಹೇಳುವ ಅಧಿಕಾರವನ್ನು ಆ ಆಯೋಗಕ್ಕೆ ಕೊಡಲೇ ಇಲ್ಲ. ಲ್ಯಾಂಪ್ರೆ ಹತೋಟಿಗೆ ತನ್ನಿ, ಸಂಶೋಧನೆ ಮಾಡಿ, ಸಲಹೆ ಕೊಡಿ ಅಂದರು. ಮೀನುಗಾರಿಕೆ ನೋಡಿಕೊಳ್ಳುವವರೆಲ್ಲ ಸೇರಿ ಒಂದು ಜಂಟಿ ಯೋಜನೆಗೆ ಸಹಿ ಹಾಕಿದ್ದು 1981ರಲ್ಲಿ. ಅದೂ ಕಾನೂನಲ್ಲ, ಒಮ್ಮತದ ಮಾತು. ಇದನ್ನು ಕೇಳಿ ನನಗೆ ಸಮಾಧಾನವಾಯಿತು. ಅವರಿಗೂ ಅಷ್ಟು ವರ್ಷ ಬೇಕಾಯಿತಲ್ವಾ!

ನಮ್ಮ ಒಪ್ಪಂದ ಕಾಗದದ ಮೇಲೆ ಇಲ್ಲ. ಒಂದೇ ದಿನ, ಒಂದೇ ಬಿದಿರಿನಿಂದ ಎರಡು ಕೋಲು ಕಡಿದೆವು. ಒಂದು ಗೇಣಿನ ಮೇಲೆ ನಾಲ್ಕು ಬೆರಳಿಗೆ ಗುರುತು. ಕಾಟ್ಲಾ, ರೋಹು, ಮೃಗಾಲ್, ಬಾಳೆ ಅದಕ್ಕಿಂತ ಗಿಡ್ಡ ಇದ್ದರೆ ನೀರಿಗೆ ವಾಪಸ್. ಅಕ್ಕನೂ ಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ ಈ ಗುರುತು ಸಾಲದು. ಕಾಟ್ಲಾ ಮೊಟ್ಟೆ ಇಡುವ ವಯಸ್ಸಿಗೆ ಬರಲು ಎರಡು ವರ್ಷ ಬೇಕು, ಅಷ್ಟೊತ್ತಿಗೆ ಅದು ಇದಕ್ಕಿಂತ ಎಷ್ಟೋ ಉದ್ದವಿರುತ್ತದೆ. ಆದರೆ ಇಬ್ಬರೂ ಒಪ್ಪಿದ್ದು ಇಷ್ಟಕ್ಕೆ. ಜಿಲೇಬಿ ಮೀನಿಗೆ ಅಳತೆಯೇ ಇಲ್ಲ. ಎಲ್ಲಿಂದಲೋ ಬಂದು ಹೊಳೆ ತುಂಬಿಕೊಂಡಿರುವುದು ಅದು, ಸಿಕ್ಕಷ್ಟೂ ಹಿಡಿಯಲಿ.

ದಿನಾಂಕದ ವಿಷಯಕ್ಕೆ ಜಗಳ ಆಗುತ್ತದೆ ಅಂತ ಹೆದರಿದ್ದೆ. ಆಗಲಿಲ್ಲ. ಮೃಗಶಿರಾ ಹುಟ್ಟಿದಾಗಿನಿಂದ ಪುನರ್ವಸು ಮಳೆ ಮುಗಿಯುವ ತನಕ ಮಡುವಿಗೂ ಹಳ್ಳದ ಬಾಯಿಗೂ ಬಲೆ ಇಲ್ಲ ಅಂದರು ಯಜಮಾನರು. ನಮ್ಮ ಹಿರಿಯರು ತಲೆ ಆಡಿಸಿದರು. ಜೂನ್ ಎಷ್ಟನೇ ತಾರೀಕು ಅಂತ ಲೆಕ್ಕ ಹಾಕಿಕೊಂಡವನು ನಾನೊಬ್ಬನೇ. ಬೇಸಿಗೆಯಲ್ಲಿ ಪೂರ್ತಿ ಬಿಡಲು ಅವರು ಒಪ್ಪಲಿಲ್ಲ. ವಾರಕ್ಕೆ ಎರಡು ದಿನ, ಎರಡೂ ದಡದವರು ಒಟ್ಟಿಗೆ, ಬೆಳಕಿದ್ದಾಗ ಮಾತ್ರ ಅಂತಾಯಿತು. ಒಟ್ಟಿಗೆ ಹಿಡಿಯುವಾಗ ಒಬ್ಬರ ಬುಟ್ಟಿ ಇನ್ನೊಬ್ಬರಿಗೆ ಕಾಣುತ್ತದೆ. ಕಾವಲುಗಾರ ಬೇಕಿಲ್ಲ.

ದಂಡದ ಮಾತು ಆಡಿದ್ದು ಅದೇ ಕಾಗದ ಮಡಚಿದ ಹುಡುಗ. ತಪ್ಪು ಮಾಡಿದವನ ದಂಡ ಎದುರು ದಡದ ಗಂಗಮ್ಮನ ಪೂಜೆಗೆ ಹೋಗಬೇಕು ಅಂದ. ಇಲ್ಲಿಯವರೆಗೆ ಮೂರು ದಂಡ ಬಿದ್ದಿವೆ. ಮೊದಲನೆಯದು ನಮ್ಮ ಅಧ್ಯಕ್ಷರ ಅಳಿಯನಿಗೆ. ಆ ವರ್ಷ ಆಚೆ ದಡದ ಪೂಜೆಯಲ್ಲಿ ಹೋಳಿಗೆ ಮಾಡಿಸಿ, ಅಳಿಯನಿಗೇ ಮೊದಲ ಎಲೆ ಹಾಕಿದರು. ಅವನು ತಿಂದು ಬಂದ.

ಮೀನು ಜಾಸ್ತಿ ಆಯಿತಾ ಅಂತ ಕೇಳಬೇಡಿ. ಅಕ್ಕನ ಪುಸ್ತಕದಲ್ಲಿ ದೊಡ್ಡದರ ಸಾಲು ಮತ್ತೆ ತುಂಬುತ್ತಿದೆ ನಿಜ. ಆದರೆ ಒಂದೆರಡು ಒಳ್ಳೆಯ ಮಳೆಗಾಲವೂ ಬಂತು. ಸೂಳೆಕೆರೆ ಕಡೆಯಿಂದ ಹರಿದ್ರಾ ಹಳ್ಳ ತುಂಬಿ ಬಂದಾಗ ಕೆರೆಯ ಮೀನೂ ಹೊಳೆಗೆ ಬೀಳುತ್ತದೆ. ಯಾರೋ ದುಡ್ಡು ಕೊಟ್ಟು ಬಿಟ್ಟ ಮರಿ ಇನ್ಯಾರದೋ ಬಲೆಗೆ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆಗ ನನಗೆ ಇದೇ ನೆನಪಾಯಿತು. ವೇದಾವತಿ ಅಲ್ಲಿಂದ ಚಳ್ಳಕೆರೆ ದಾಟಿ ಆಂಧ್ರಕ್ಕೆ ಹೋಗಿ, ತಿರುಗಿ ಬಳ್ಳಾರಿ ಕಡೆ ಬಂದು ತುಂಗಭದ್ರೆ ಸೇರುತ್ತದೆ. ಚಿತ್ರದುರ್ಗದಲ್ಲಿ ಕೋಡಿ ಹಾರಿದ ಮೀನು ಯಾವ ರಾಜ್ಯದ ಲೆಕ್ಕಕ್ಕೆ ಸಿಕ್ಕಿತೋ!

ಕಚೇರಿಗೆ ಪತ್ರ ಬರೆಯುವುದನ್ನು ನಾನು ಬಿಟ್ಟಿಲ್ಲ. ಮೀನುಮರಿ, ಲೈಸೆನ್ಸು, ಹೊರಗಿನವರು ತೋಟೆ ಸಿಡಿಸಿ ಮೀನು ಕೊಲ್ಲುವುದು, ಇವಕ್ಕೆಲ್ಲ ಇಲಾಖೆಯೇ ಬೇಕು, ಪೊಲೀಸರೇ ಬೇಕು. ಆದರೆ ಈಗ ಪತ್ರದ ಜೊತೆ ಎರಡೂ ದಡದ ಲೆಕ್ಕದ ಹಾಳೆ ಇಡುತ್ತೇನೆ, ಕೆಳಗೆ ಎರಡೂ ಕಡೆಯವರ ಸಹಿ ಇರುತ್ತದೆ. ಹೋದ ಸಲ ಒಬ್ಬ ಅಧಿಕಾರಿ ಫೋನ್ ಮಾಡಿ, ಆ ಹಾಳೆಯ ಇನ್ನೊಂದು ಪ್ರತಿ ಕಳಿಸಿ ಅಂದರು.

ಸದ್ಯಕ್ಕೆ ತಲೆಬಿಸಿ ಬೇರೆ. ನಮ್ಮ ದಡದ ಕೋಲಿನ ಗುರುತು ಅರ್ಧ ಬೆರಳು ಕೆಳಗೆ ಇಳಿದಿದೆ ಅಂತ ಅಕ್ಕ ಹೇಳಿ ಕಳಿಸಿದ್ದಾರೆ. ಎರಡೂ ಕೋಲು ಪಕ್ಕಪಕ್ಕ ಇಟ್ಟು ನೋಡಿದರು. ಸವೆದದ್ದೋ, ಯಾರಾದರೂ ಕತ್ತಿಯಲ್ಲಿ ಕೆತ್ತಿದ್ದೋ, ನಮ್ಮವರು ಯಾರೂ ಬಾಯಿ ಬಿಡುತ್ತಿಲ್ಲ. ಮೃಗಶಿರಾ ಹುಟ್ಟುವುದರೊಳಗೆ ಹೊಸ ಕೋಲು ಆಗಬೇಕು. ಈ ಸಲ ಕಬ್ಬಿಣದ್ದು ಮಾಡಿಸೋಣ, ರಾಣೆಬೆನ್ನೂರಿನ ಕಮ್ಮಾರನ ಹತ್ತಿರ, ಕಾಸು ಮಾತ್ರ ನಿಮ್ಮದು ಅಂತ ಯಜಮಾನರು ಹೇಳಿದ್ದಾರೆ. ಅಧ್ಯಕ್ಷರಿಗೆ ಇನ್ನೂ ಹೇಳಿಲ್ಲ.