ಲಾಯಿಯೆಗೆ ಹೋಗುವುದಾದರೆ ವ್ಯಾನು ಹತ್ತಬೇಡಿ

ಹವಾಯಿಗೆ ಹೋದವರೆಲ್ಲ ಒಂದು ದಿನ ಪೆಸಿಫಿಕ್ ದ್ವೀಪಗಳ ಜನಜೀವನ ತೋರಿಸುವ ಪಾಲಿನೇಷ್ಯನ್ ಕಲ್ಚರಲ್ ಸೆಂಟರಿಗೆ ಹೋಗುತ್ತಾರೆ. ನೀವೂ ಹೋಗಿ. ಆದರೆ ಹೊನೊಲುಲುವಿನ ವೈಕೀಕಿ ಕಡಲತೀರದ ರಸ್ತೆ ಬದಿಯಲ್ಲಿ ‘ಹೋಟೆಲ್ ಬಾಗಿಲಿಂದಲೇ ಕರ್ಕೊಂಡು ಹೋಗ್ತೇವೆ’ ಅಂತ ಪ್ಯಾಕೇಜ್ ಮಾರುವವರ ಹತ್ತಿರ ನಿಲ್ಲಬೇಡಿ. ನಾವು ನಿಂತೆವು. ಗಂಡ, ನಾನು, ಎರಡು ಮಕ್ಕಳು, ಪುತ್ತೂರಿನಿಂದ ಬಂದಿದ್ದ ಅತ್ತೆ. ಐದು ಜನಕ್ಕೆ ವ್ಯಾನಿನ ಬಾಬ್ತೇ ನೂರು ಡಾಲರ್ ದಾಟಿತು.

ಹನ್ನೊಂದಕ್ಕೆ ಬರಬೇಕಾದ ವ್ಯಾನು ಬಂದದ್ದು ಹನ್ನೊಂದು ಮುಕ್ಕಾಲಿಗೆ. ಹತ್ತಿ ಕೂತ ಮೇಲೆ ಇನ್ನೂ ಆರು ಹೋಟೆಲ್ ಸುತ್ತಿತು. ಒಂದು ಕಡೆ ಯಾರೋ ಟೋಪಿ ಮರೆತರೆಂದು ಹತ್ತು ನಿಮಿಷ. ಸೆಂಟರ್ ಇರುವ ಲಾಯಿಯೆ ವೈಕೀಕಿಯಿಂದ ಸುಮಾರು 56 ಕಿಲೋಮೀಟರ್, ಕಾರಿನಲ್ಲಾದರೆ ಗಂಟೆಯ ಮೇಲೆ ಸ್ವಲ್ಪ. ನಾವು ಇಳಿದಾಗ ಎರಡೂಕಾಲು.

ಅಲ್ಲಿ ತಡವಾದರೆ ನಷ್ಟ ಯಾಕೆಂದರೆ, ನೋಡಬೇಕಾದ್ದೆಲ್ಲ ಮಧ್ಯಾಹ್ನದಿಂದ ಸಂಜೆಯೊಳಗೆ. 42 ಎಕರೆಯಲ್ಲಿ ಸಮೋವಾ, ಟೋಂಗಾ, ಫಿಜಿ, ತಹೀತಿ, ಹವಾಯಿ, ಮಾವೊರಿಗಳ ಅವೊಟೆಯಾರೋವಾ (ಅಂದರೆ ನ್ಯೂಜಿಲೆಂಡ್) ಎಂದು ಆರು ‘ಊರು’ ಕಟ್ಟಿದ್ದಾರೆ. ನಮಗೆ ತಹೀತಿಯೂ ಇಲ್ಲ, ಅವೊಟೆಯಾರೋವಾವೂ ಇಲ್ಲ. ಮಗಳು ಮಾವೊರಿಗಳ ಹಾಕಾ ಕುಣಿತ ನೋಡಲೆಂದೇ ಬಂದಿದ್ದಳು, ವಾಪಸ್ ಬರುವವರೆಗೂ ಮುಖ ಊದಿಸಿಕೊಂಡಿದ್ದಳು. ದೋಣಿ ಮೆರವಣಿಗೆಗೆ ಜನ ಸಾಲುಗಟ್ಟಿ ಕೂತಿದ್ದರು. ನನಗೆ ಆ ನೂಕುನುಗ್ಗಲು ಆಗದು, ಬಿಟ್ಟೆ.

ಸಮೋವಾದಲ್ಲಿ ಹುಡುಗನೊಬ್ಬ ಚೂಪು ಕೋಲಿಗೆ ಚುಚ್ಚಿ ತೆಂಗಿನಕಾಯಿ ಸುಲಿದ. ಇಡೀ ಗುಂಪು ಚಪ್ಪಾಳೆ ತಟ್ಟಿತು. ಅತ್ತೆ ಮಾತ್ರ ಕೈಕಟ್ಟಿ ನಿಂತಿದ್ದರು: “ನಮ್ಮ ತೋಟದ ಬಾಬು ಇದರ ಎರಡರಷ್ಟು ಬೇಗ ಸುಲೀತಾನೆ.” ಆದರೆ ಆ ಹುಡುಗ ಕಟ್ಟಿಗೆಗೆ ಕಟ್ಟಿಗೆ ಉಜ್ಜಿ ಬೆಂಕಿ ಎಬ್ಬಿಸಿದಾಗ ಅವರೂ ತಟ್ಟಿದರು. ಹೀಗೆ ತೋರಿಸುವವರಲ್ಲಿ ಹೆಚ್ಚಿನವರು ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಓದಿನ ಖರ್ಚಿಗೆ ದುಡಿಯುವವರು. ಮಾತಾಡಿಸಿ, ಖುಷಿಯಿಂದ ಹೇಳುತ್ತಾರೆ.

ಹವಾಯಿಯ ಗುಡಿಸಲಲ್ಲಿ ಬೇಯಿಸಿದ ಗೆಡ್ಡೆ ಜಜ್ಜಿ ಪೋಯಿ ಮಾಡುತ್ತಿದ್ದರು. “ಇದು ನಮ್ಮ ಕೆಸು ಅಲ್ವಾ ಮಾರಾಯ್ತಿ!” ಅಂತ ಅತ್ತೆ. ಕೆಸುವೇ. ಪಕ್ಕದ ಮರ ನೋಡಿದರೆ ಜೀಗುಜ್ಜೆ, ಅಲ್ಲಿ ಅದಕ್ಕೆ ‘ಉಲು’ ಅನ್ನುತ್ತಾರೆ. ಅತ್ತೆ ಅಲ್ಲಿಂದ ಅಲುಗಲಿಲ್ಲ. ಪೋಯಿ ಬಾಯಿಗಿಟ್ಟ ಮೇಲೆ ಮಾತ್ರ, “ಉಪ್ಪು ಖಾರ ಹಾಕೋಕೆ ಯಾರೂ ಹೇಳಿಕೊಟ್ಟಿಲ್ವಾ ಇವರಿಗೆ?”

ಸಸ್ಯಾಹಾರಿಗಳು ಲುವಾವ್ ಔತಣದ ಟಿಕೆಟ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಹವಾಯಿ ಭಾಷೆಯಲ್ಲಿ ಲುವಾವ್ ಅಂದರೆ ಕೆಸುವಿನ ಎಳೆ ಎಲೆ, ಔತಣಕ್ಕೆ ಹೆಸರು ಬಂದದ್ದೇ ಅದರಿಂದ. ಪತ್ರೊಡೆ ತಿಂದು ಬೆಳೆದ ಅತ್ತೆಗೆ ಆಸೆ ಹುಟ್ಟಿದ್ದು ಸಹಜ. ಆದರೆ ಆ ಎಲೆಯೊಳಗೆ ಸುತ್ತಿ ಬೇಯಿಸುವುದು ಹಂದಿ ಮಾಂಸ. ಅಷ್ಟು ದುಡ್ಡು ಕೊಟ್ಟು ಅವರು ತಿಂದದ್ದು ಅನ್ನ, ಅನಾನಸು, ಮೂರು ತುಂಡು ಹಾವುಪಿಯಾ. ತೆಂಗಿನಹಾಲಿನ ಆ ಸಿಹಿ ಮಾತ್ರ ನಿಜಕ್ಕೂ ಚೆನ್ನ. ರಾತ್ರಿಯ ಪ್ರದರ್ಶನದಲ್ಲಿ ಬೆಂಕಿ ಕುಣಿತ ಬರುವಷ್ಟರಲ್ಲಿ ಮಗ ನನ್ನ ತೊಡೆಯ ಮೇಲೆ ನಿದ್ದೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಹಗಲಿನ ಟಿಕೆಟ್ ಸಾಕು.

ಕಾರು ಬಾಡಿಗೆಗೆ ಹಿಡಿಯಿರಿ. ಆಗದಿದ್ದರೆ ವೈಕೀಕಿ ಪಕ್ಕದ ಅಲಾ ಮೋವಾನಾದಿಂದ 60ನೇ ನಂಬರಿನ ಸಿಟಿ ಬಸ್ಸು ಬೆಟ್ಟ ದಾಟಿ ಸಮುದ್ರ ದಂಡೆ ಹಿಡಿದು ಹೋಗುತ್ತದೆ, ನಿಧಾನ, ಆದರೆ ಅಗ್ಗ. ಬುಧವಾರ, ಭಾನುವಾರ ಸೆಂಟರ್ ಮುಚ್ಚಿರುತ್ತದೆ. ಆ ಕಡೆ ಮಳೆ ಹೇಳಿಕೇಳಿ ಬರುವುದಿಲ್ಲ, ಕೊಡೆ ಇರಲಿ.

ಎರಡು ದಿನ ಬಿಟ್ಟು ಕಾರಿನಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು, ಲಾಯಿಯೆ ದಾಟಿ ಕಹುಕುವಿಗೆ. ಅಲ್ಲಿ ಎಲ್ಲರೂ ಸಿಗಡಿ ಮಾರುವ ಲಾರಿಗಳ ಮುಂದೆ ಕ್ಯೂ ನಿಲ್ಲುತ್ತಾರೆ. ಗಂಡ ನಿಂತರು, ಬೆಳ್ಳುಳ್ಳಿ ಎಣ್ಣೆಯನ್ನು ಮೊಣಕೈವರೆಗೆ ಹರಿಸಿಕೊಂಡು ತಿಂದರು. ನಾವು ರಸ್ತೆ ಬದಿಯ ತಗಡಿನ ಮಾಡಿನ ಹಣ್ಣಿನಂಗಡಿಗೆ ಹೋದೆವು. ಕಹುಕುವಿನ ಜೋಳದ ತೆನೆ ಹೆಸರುವಾಸಿ. ಕೆಂಡದ ಮೇಲೆ ಸುಟ್ಟು, ಬೆಣ್ಣೆ ಸವರಿ ಕೊಟ್ಟಳು ಅಂಗಡಿಯ ಅಜ್ಜಿ. ಕಾಳು ಕಚ್ಚಿದರೆ ಹಾಲು ಚಿಮ್ಮುತ್ತದೆ. ಮಕ್ಕಳು ಎರಡೆರಡು ತಿಂದರು, ನಾನು ಮೂರು. ಜೊತೆಗೆ ಪಪ್ಪಾಯ, ಆಗಷ್ಟೇ ಕೆತ್ತಿದ ಎಳನೀರು. ಐದು ಜನರ ಹೊಟ್ಟೆ ತುಂಬಿದ್ದು ಒಂದು ಲುವಾವ್ ಟಿಕೆಟ್ಟಿನ ಕಾಲು ಭಾಗದಲ್ಲಿ. ನಗದು ಇಟ್ಟುಕೊಳ್ಳಿ.

ಅಲ್ಲೇ ಅತ್ತೆಗೆ ಜೀಗುಜ್ಜೆ ಕಾಣಿಸಿತು. ಬೇಡವೆಂದರೂ ಕೇಳದೆ ಎರಡು ಕೊಂಡರು, ಪೋಡಿ ಮಾಡುತ್ತೇನೆಂದು. ಹೋಟೆಲ್ ರೂಮಿನಲ್ಲಿದ್ದದ್ದು ಕಾಫಿ ಮಷಿನ್ ಒಂದೇ. ಹಿರಿಯರ ಜೊತೆ ಹೋಗುವವರು ಒಲೆ ಇರುವ ರೂಮು ಹಿಡಿಯಿರಿ.